ಸ್ವಿಫ್ಟ್ ವಿಎಕ್ಸ್‌ಐ: 14 ಇಂಚು ತೆಗೆದು 16 ಅಥವಾ 17 ಹಾಕಿದರೆ ಗಾಡಿ ಓಟ ಹೇಗೆ ಬದಲಾಗುತ್ತೆ?

ಶಿರಾಡಿ_ಸವಾರ
ಎಲ್ಲರಿಗೂ ನಮಸ್ಕಾರ. ನನ್ನದು ಮೂರನೇ ತಲೆಮಾರಿನ ಸ್ವಿಫ್ಟ್, ವಿಎಕ್ಸ್‌ಐ ಪೆಟ್ರೋಲ್. ಕಂಪನಿಯಿಂದ ಬಂದ 165/80 ಆರ್14 ಟಯರ್, ಸ್ಟೀಲ್ ರಿಮ್. ಟಯರ್ ಸವೆದಿದೆ, ಹೇಗೂ ನಾಲ್ಕೂ ಬದಲಿಸಬೇಕು. ಬೆಂಗಳೂರು–ಪುತ್ತೂರು ಓಡಾಟ ಜಾಸ್ತಿ, ಶಿರಾಡಿ ಘಾಟಿ ಮೇಲೆ. ಹಾಸನದ ಹೈವೇಲಿ 90–100ರಲ್ಲಿ ಉದ್ದನೆಯ ತಿರುವು ಬಂದಾಗ ಸ್ಟೀರಿಂಗ್ ತಿರುಗಿಸಿದ್ದಕ್ಕೂ ಗಾಡಿ ತಿರುಗೋದಕ್ಕೂ ನಡುವೆ ಒಂದು ಸಣ್ಣ ತಡ ಇದ್ದ ಹಾಗೆ ಅನ್ನಿಸುತ್ತೆ. ಟಯರ್ ಅಂಗಡಿಯವರು 17 ಇಂಚು ಅಲಾಯ್, 205/45 ಹಾಕಿಸಿ, ಹಳಿ ಮೇಲೆ ಹೋದ ಹಾಗೆ ಹೋಗುತ್ತೆ ಅಂತಾರೆ. ಚಿಕ್ಕಪ್ಪನ ಮಗ ಬಲೆನೊದ 16 ಇಂಚು ಸಾಕು ಅಂತಾನೆ. ಸಸ್ಪೆನ್ಷನ್ ಮುಟ್ಟೋ ಯೋಚನೆ ಇಲ್ಲ. ನಿಜವಾಗಿ ಏನು ಬದಲಾಗುತ್ತೆ? ಮೈಲೇಜ್, ಸೊಂಟ, ಎರಡೂ ಉಳಿಯಬೇಕು.

17ಇಂಚು_ಪ್ರೇಮಿ
ಕಣ್ಣು ಮುಚ್ಕೊಂಡು 17 ಹಾಕಿಸಿ ಗುರು. ನನ್ನ ಹಳೇ ಸ್ವಿಫ್ಟ್‌ಗೆ ಹಾಕಿಸಿದೀನಿ, ಸ್ಟೀರಿಂಗ್ ಮುಟ್ಟಿದ್ರೆ ಸಾಕು, ಮೂತಿ ಆ ಕಡೆ ತಿರುಗುತ್ತೆ. 14 ಇಂಚಿನ ಸ್ಟೀಲ್ ರಿಮ್ ನೋಡೋಕೆ ತರಕಾರಿ ಗಾಡಿ ಚಕ್ರದ ಥರ ಇರುತ್ತೆ.

ಲೋವರ್‌ಆರ್ಮ್
ಮೊದಲು ಲೆಕ್ಕ ಮಾಡೋಣ, ಆಮೇಲೆ ಜಗಳ. ನಾನು ವೀಲ್ ಅಲೈನ್‌ಮೆಂಟ್ ಕೆಲಸದವನು, ದಿನಾ ಇದನ್ನೇ ನೋಡ್ತೀನಿ.

165/80 ಆರ್14 ಅಂದ್ರೆ ಟಯರ್ ಅಗಲ 165 ಮಿ.ಮೀ., ಸೈಡ್‌ವಾಲ್ (ಟಯರ್‌ನ ಪಕ್ಕದ ಗೋಡೆ) ಎತ್ತರ ಅದರ ಶೇ. 80, ಅಂದರೆ 132 ಮಿ.ಮೀ. 14 ಇಂಚಿನ ರಿಮ್ 355.6 ಮಿ.ಮೀ., ಮೇಲೆ ಕೆಳಗೆ ಎರಡು ಸೈಡ್‌ವಾಲ್ ಸೇರಿದರೆ ಚಕ್ರದ ಪೂರ್ತಿ ವ್ಯಾಸ 619.6. ನಿಮ್ಮ ಗಾಡಿಯದೇ ಮೇಲಿನ ವೇರಿಯಂಟ್ ಜೆಡ್‌ಎಕ್ಸ್‌ಐಗೆ ಕಂಪನಿ ಕೊಡ್ತಿದ್ದ 185/65 ಆರ್15 ಲೆಕ್ಕ ಹಾಕಿ: 621.5. ಬಲೆನೊದ 195/55 ಆರ್16: 620.9. ಅಂಗಡಿಯವರು ಹೇಳಿದ 205/45 ಆರ್17: 616.3. ಅಂದ್ರೆ ಈ ನಾಲ್ಕೂ ಚಕ್ರ ಹೊರಗಿನಿಂದ ಹೆಚ್ಚುಕಡಿಮೆ ಒಂದೇ ಗಾತ್ರ. ರಿಮ್ ದೊಡ್ಡದಾದಷ್ಟೂ ರಬ್ಬರ್ ಕಡಿಮೆಯಾಗ್ತಾ ಹೋಗುತ್ತೆ, ಅಷ್ಟೇ. ಸೈಡ್‌ವಾಲ್ 132ರಿಂದ 120, ಆಮೇಲೆ 107, ಕೊನೆಗೆ 92 ಮಿ.ಮೀ.

ನಿಮಗೆ ಅನ್ನಿಸೋ ಆ ತಡ ಇದೆಯಲ್ಲ, ಅದರ ದೊಡ್ಡ ಪಾಲು ಆ 132 ಮಿ.ಮೀ.ನಲ್ಲೇ ಇದೆ. ಸ್ಟೀರಿಂಗ್ ತಿರುಗಿಸಿದಾಗ ಮೊದಲು ರಿಮ್ ತಿರುಗುತ್ತೆ, ಆಮೇಲೆ ಸೈಡ್‌ವಾಲ್ ಪಕ್ಕಕ್ಕೆ ಮಣಿಯುತ್ತೆ, ಅದು ಬಿಗಿಯಾದ ಮೇಲೆ ನೆಲಕ್ಕೆ ತಾಗಿರೋ ಭಾಗ ತಿರುಗಿ ಗಾಡಿಯನ್ನ ಪಕ್ಕಕ್ಕೆ ಎಳೆಯುತ್ತೆ. ಸೈಡ್‌ವಾಲ್ ಗಿಡ್ಡ ಆದರೆ ಈ ಮಧ್ಯದ ಕೆಲಸ ಬೇಗ ಮುಗಿಯುತ್ತೆ. 17 ಹಾಕಿದವರು ‘ಮೂತಿ ತಕ್ಷಣ ತಿರುಗುತ್ತೆ’ ಅನ್ನೋದು ಸುಳ್ಳಲ್ಲ. ಆದರೆ ಮೂತಿ ಬೇಗ ತಿರುಗೋದು ಬೇರೆ, ತಿರುವಿನಲ್ಲಿ ಗಾಡಿ ಎಷ್ಟು ಹಿಡಿದು ನಿಲ್ಲುತ್ತೆ ಅನ್ನೋದು ಬೇರೆ. ಎರಡನೆಯದು ರಬ್ಬರಿನ ಗುಣ, ಗಾಳಿ, ಸಸ್ಪೆನ್ಷನ್ ಸೇರಿ ಆಗೋ ಕೆಲಸ. ಅಗ್ಗದ 17 ಇಂಚಿನ ಟಯರ್‌ಗಿಂತ ಒಳ್ಳೆ 15 ಇಂಚಿನ ಟಯರ್ ಹೆಚ್ಚು ಹಿಡಿಯೋದನ್ನ ನಾನು ಎಷ್ಟೋ ಗಾಡಿಯಲ್ಲಿ ಓಡಿಸಿ ನೋಡಿದೀನಿ.

ಹುಬ್ಬಳ್ಳಿ_ಡೀಸೆಲ್
ಲೆಕ್ಕ ಚೊಲೋ ಹೇಳಿದ್ರಿ. ನಾ ಒಂದ ಮಾತ ಕೂಡಸ್ತೇನಿ. ನಮ್ಮ ಕಡೆ ಮಂದಿ ವ್ಯಾಸ ನೋಡಂಗಿಲ್ರಿ, ಗಾಡಿ ಎತ್ತರ ಆಗ್ಬೇಕು ಅಂತ 15 ಇಂಚಿನ ರಿಮ್ಮಿಗೆ 205/65 ಹಾಕಸ್ತಾರ. ವ್ಯಾಸ 647 ದಾಟ್ತದ. ನೆಲದಿಂದ ಗಾಡಿ ಏರೋದು ಅದರ ಅರ್ಧ, ಹದಿಮೂರು–ಹದಿನಾಲ್ಕು ಮಿ.ಮೀ. ಅಷ್ಟ. ಅದಕ್ಕ ಕೊಡೋ ಬೆಲಿ ನೋಡ್ರಿ: ಪ್ರತಿ ಗೇರೂ ಶೇ. 4ರಷ್ಟು ಉದ್ದ ಆದಂಗ. ಅಂಕೋಲಾ ಕಡಿಂದ ಅರಬೈಲ್ ಘಟ್ಟ ಹತ್ತುವಾಗ ಎರಡನೇ ಗೇರಿನ್ಯಾಗ ಹೋಗೋ ಗಾಡಿ ಒಂದನೇದ್ದು ಕೇಳ್ತದ. ಸ್ಪೀಡೋಮೀಟರ್ 100 ತೋರಿಸಿದಾಗ ಚಕ್ರ ನಾಕು ಕಿಲೋಮೀಟರ್ ಜೋರ್ ಓಡ್ತಿರ್ತದ. ಓಡೋಮೀಟರ್ ಕಡಿಮಿ ಎಣಸ್ತದ, ಮಾಲಕ ಅದನ್ನ ಹಿಡಕೊಂಡು ಮೈಲೇಜ್ ಬಿತ್ತು ಅಂತ ಅಳ್ತಾನ. ಅರ್ಧ ಬಿದ್ದದ್ದು ಖರೇ, ಅರ್ಧ ಲೆಕ್ಕದ ತಪ್ಪು.

ಶಿರಾಡಿ_ಸವಾರ
ಸ್ಪೀಡೋಮೀಟರ್ ಹೇಗೂ ಸ್ವಲ್ಪ ಜಾಸ್ತಿನೇ ತೋರಿಸುತ್ತೆ ಅಲ್ವಾ? ಜಿಪಿಎಸ್ ಜೊತೆ ನೋಡಿದಾಗ ಯಾವಾಗಲೂ ಹಾಗೇ ಇದೆ.

ಲೋವರ್‌ಆರ್ಮ್
ಹೌದು, ಬೇಕಂತಲೇ ಹಾಗೆ ಇಟ್ಟಿರ್ತಾರೆ. ನಿಯಮದ ಪ್ರಕಾರ ಮೀಟರ್ ನಿಜ ವೇಗಕ್ಕಿಂತ ಕಡಿಮೆ ತೋರಿಸಕೂಡದು, ಜಾಸ್ತಿ ತೋರಿಸೋಕೆ ಒಂದು ಮಿತಿ ಇದೆ. ವ್ಯಾಸ ಶೇ. 1ರ ಒಳಗೆ ಇದ್ದರೆ ತಲೆ ಕೆಡಿಸ್ಕೋಬೇಡಿ. ಹೊಸ ಟಯರ್‌ನ ಗೆರೆಗಳ ಆಳ 8 ಮಿ.ಮೀ. ಇದ್ದು ಸವೆದು 1.6ಕ್ಕೆ ಬರೋ ಹೊತ್ತಿಗೆ ವ್ಯಾಸ 12–13 ಮಿ.ಮೀ. ಕಡಿಮೆಯಾಗಿರುತ್ತೆ, ಅದೇ ಶೇ. 2. ಸವೆತದ ಮಾತು ಬಂದಾಗ ಇನ್ನೊಂದು: ಎರಡು ಟಯರ್ ಹೊಸದು ಎರಡು ಹಳೇದು ಅಂತ ಓಡಿಸೋವಾಗ ಹೊಸದು ಹಿಂದಕ್ಕೆ, ಹಳೇದು ಮುಂದಕ್ಕೆ. ಎಲ್ಲರೂ ಉಲ್ಟಾ ಮಾಡಿಸ್ತಾರೆ. ಮಳೇಲಿ ಹಿಂದಿನ ಚಕ್ರ ಜಾರಿದರೆ ಗಾಡಿ ಸುತ್ತುತ್ತೆ, ಸಾಮಾನ್ಯ ಚಾಲಕನ ಕೈಲಿ ಅದನ್ನ ಸರಿಮಾಡೋಕೆ ಆಗಲ್ಲ. ವಿಷಯ ಸ್ವಲ್ಪ ಪಕ್ಕಕ್ಕೆ ಹೋಯ್ತು, ಆದರೂ ಹೇಳಬೇಕಿತ್ತು.

ಕುಡ್ಲದ_ಮಳೆ
ಮಾರಾಯ್ರೆ, ನೀವೆಲ್ಲ ಬಿಸಿಲಿನ ರಸ್ತೆ ಲೆಕ್ಕ ಹಾಕ್ತಾ ಇದ್ದೀರಿ. ಇವರು ಹೋಗೋದು ಶಿರಾಡಿಯಲ್ಲಿ, ಅದೂ ಜುಲೈ ತಿಂಗಳು ಒಂದು ಉಂಟಲ್ಲ. ಅಗಲ ಟಯರ್ ಅಂದ್ರೆ ನೆಲಕ್ಕೆ ಜಾಸ್ತಿ ರಬ್ಬರ್ ತಾಗ್ತದೆ ಅಂತ ಎಲ್ಲರೂ ತಿಳ್ಕೊಂಡದ್ದು. ಗಾಡಿ ತೂಕ ಅಷ್ಟೇ, ಗಾಳಿ ಅಷ್ಟೇ ಇದ್ರೆ ತಾಗೋ ಜಾಗದ ಒಟ್ಟು ಅಳತೆ ಹೆಚ್ಚೇನೂ ಬದಲಾಗುವುದಿಲ್ಲ, ಅದರ ಆಕಾರ ಬದಲಾಗ್ತದೆ. ಸಪೂರ ಟಯರ್‌ನಲ್ಲಿ ಅದು ಉದ್ದಕ್ಕೆ, ಅಗಲ ಟಯರ್‌ನಲ್ಲಿ ಅಡ್ಡಕ್ಕೆ. ಒಣ ರಸ್ತೆಯ ತಿರುವಿನಲ್ಲಿ ಅಡ್ಡ ಇರೋದು ಒಳ್ಳೇದು. ನೀರು ನಿಂತಲ್ಲಿ ಅಡ್ಡ ಇರೋದು ಅಪಾಯ, ಯಾಕೆಂದ್ರೆ ಟಯರ್ ಅಷ್ಟೂ ಅಗಲದ ನೀರನ್ನು ಪಕ್ಕಕ್ಕೆ ತಳ್ಳಬೇಕು. ತಳ್ಳಲಿಕ್ಕೆ ಆಗದಿದ್ರೆ ನೀರಿನ ಮೇಲೆ ತೇಲ್ತದೆ, ಸ್ಟೀರಿಂಗ್ ಹಗುರ ಆಗ್ತದೆ, ಬ್ರೇಕ್ ಒತ್ತಿದ್ರೂ ಏನೂ ಇಲ್ಲ. 165ರಿಂದ 205 ಅಂದ್ರೆ 40 ಮಿ.ಮೀ. ಜಾಸ್ತಿ. ಈ ಕಡೆಯ ಟ್ಯಾಕ್ಸಿಯವರು ಯಾರೂ ಅಗಲ ಟಯರ್ ಹಾಕುವುದಿಲ್ಲ, ನೋಡಿ ಬೇಕಾದ್ರೆ. ಅದರಲ್ಲಿ ದುಡ್ಡಿನ ಕಾರಣವೂ ಉಂಟು, ಒಪ್ಪುತ್ತೇನೆ.

17ಇಂಚು_ಪ್ರೇಮಿ
ಒಳ್ಳೆ ಬ್ರ್ಯಾಂಡ್ ಟಯರ್‌ನ ಚರಂಡಿ ಗೆರೆಗಳು ನೀರು ಹೊರಗೆ ಹಾಕುತ್ತವೆ ಅಣ್ಣಾ. 205 ಹಾಕಿ ಮಳೇಲಿ ಓಡಿಸ್ತಾನೇ ಇದೀನಿ.

ಕುಡ್ಲದ_ಮಳೆ
ಹೊಸದಾಗಿ ಇದ್ದಾಗ ಹಾಕ್ತದೆ. ಅರ್ಧ ಸವೆದ ಮೇಲೆ ಹೇಳಿ.

ಹುಬ್ಬಳ್ಳಿ_ಡೀಸೆಲ್
17 ಇಂಚಿನ ರಿಮ್ಮು ಮದುವಿಗೆ ತಗೊಂಡ ಹೊಸ ಬೂಟ್ ಇದ್ದಂಗ್ರಿ, ಫೋಟೋಕ್ಕ ಚಂದ. ಅದನ್ನ ಹಾಕ್ಕೊಂಡ ಹೊಲಕ್ಕ ಹೋಗ್ತೀನಂದ್ರ ಹೆಂಗ? ಗುಂಡಿಗೆ ಬಿದ್ದಾಗ ಸೈಡ್‌ವಾಲ್ ಮಣೀಬೇಕು. 92 ಮಿ.ಮೀ.ದಾಗ ಮಣ್ಯಾಕ ಜಾಗಾನ ಇಲ್ಲ, ರಿಮ್ಮಿನ ಅಂಚು ಮತ್ತ ಗುಂಡಿ ಅಂಚಿನ ನಡುವ ರಬ್ಬರ್ ಸಿಕ್ಕು ಒಳಗಿನ ದಾರ ಹರೀತದ. ಎರಡ ದಿನಕ್ಕ ಸೈಡಿಗೆ ಬುರುಗು ಎದ್ದಂಗ ಉಬ್ಬು ಬರ್ತದ. ಅದಕ್ಕ ಪಂಕ್ಚರ್ ಅಂಗಡ್ಯಾಗ ಔಷಧಿ ಇಲ್ಲ, ಟಯರ್ ಒಗೀಬೇಕು.

ಲೋವರ್‌ಆರ್ಮ್
ಇದು ನಾನು ವಾರಕ್ಕೆ ಎಷ್ಟೋ ಸಲ ನೋಡೋ ಕೇಸ್. ರಿಮ್ ಬೆಂಡ್ ಕೂಡ. ಬೆಂಡ್ ಆದ ಅಲಾಯ್‌ನ ಕಾಯಿಸಿ ಬಡಿದು ನೇರ ಮಾಡಿಕೊಡೋರು ಇದ್ದಾರೆ, ನಾನು ಮಾಡಿಸಿ ಅಂತ ಯಾರಿಗೂ ಹೇಳಲ್ಲ. ಎರಕದ ಅಲ್ಯೂಮಿನಿಯಂ ಸ್ಟೀಲ್ ಥರ ಅಲ್ಲ, ಒಳಗೆ ಬಿರುಕು ಬಿಟ್ಟಿದ್ದರೂ ಮೇಲೆ ಬಣ್ಣ ಹೊಡೆದರೆ ಕಾಣಲ್ಲ.

ಈಗ ತೂಕ. ‘ಅಲಾಯ್ ಅಂದ್ರೆ ಹಗುರ’ ಅನ್ನೋದು ಒಂದೇ ಅಳತೆಯ, ಒಳ್ಳೆ ಕಂಪನಿಯ ರಿಮ್‌ಗೆ ಮಾತ್ರ ನಿಜ. ಮಾರುಕಟ್ಟೆಯ ಅಗ್ಗದ 17 ಇಂಚಿನ ಎರಕದ ಅಲಾಯ್ ನಿಮ್ಮ 14 ಇಂಚಿನ ಸ್ಟೀಲ್‌ಗಿಂತ ಭಾರ ಇರೋದೇ ಹೆಚ್ಚು. ಅಂಗಡಿಯಲ್ಲಿ ತಕ್ಕಡಿ ಮೇಲೆ ಇಡಿಸಿ ನೋಡಿ, ಇಡೋಕೆ ಒಪ್ಪದಿದ್ದರೆ ಅಲ್ಲೇ ಅರ್ಥ ಮಾಡ್ಕೊಳ್ಳಿ.

ಚಕ್ರಕ್ಕೆ 3 ಕೆ.ಜಿ. ಜಾಸ್ತಿ ಆಯ್ತು ಅಂತ ಇಟ್ಕೊಳ್ಳಿ, ನಾಲ್ಕಕ್ಕೆ 12. ಅದು ಸುತ್ತೋ ತೂಕ ಆಗಿರೋದರಿಂದ ಎಂಜಿನ್‌ಗೆ ಸುಮಾರು ಒಂದೂವರೆ ಪಟ್ಟು ಲೆಕ್ಕ, 18 ಕೆ.ಜಿ. ಸಾಮಾನು ಹಾಕಿದ ಹಾಗೆ. 870 ಕೆ.ಜಿ. ಆಸುಪಾಸಿನ ಗಾಡಿಗೆ ಅದೇನು ಮಹಾ? ಹಾಗಾಗಿ ‘ಪಿಕಪ್ ಸತ್ತೇಹೋಯ್ತು’ ಅನ್ನೋರ ಮಾತನ್ನ ಪೂರ್ತಿ ನಂಬಬೇಡಿ. ನಷ್ಟ ಇರೋದು ಬೇರೆ ಕಡೆ. ಒಂದೊಂದು ಮೂಲೆಯಲ್ಲಿ ಸ್ಪ್ರಿಂಗ್ ಕೆಳಗೆ ತೂಗೋ ಭಾಗವೇ ಅಂದಾಜು 30 ಕೆ.ಜಿ. ಅದಕ್ಕೆ 3 ಸೇರಿಸಿದರೆ ಹತ್ತರಲ್ಲಿ ಒಂದು ಪಾಲು ಏರಿತು. ಕಂಪನಿ ಜಂಪ್ಸ್ (ಶಾಕ್ ಅಬ್ಸಾರ್ಬರ್) ಟ್ಯೂನ್ ಮಾಡಿರೋದು ಆ ಹಳೇ ತೂಕಕ್ಕೆ. ಒಂದರ ಹಿಂದೆ ಒಂದು ಸಣ್ಣ ಉಬ್ಬು ಬರೋ ರಸ್ತೆಯ ತಿರುವಿನಲ್ಲಿ ಚಕ್ರ ಮೇಲೆ ಹೋದದ್ದು ಕೆಳಗೆ ಬರೋಕೆ ತಡ ಮಾಡುತ್ತೆ, ಅಷ್ಟು ಹೊತ್ತು ನೆಲಕ್ಕೆ ಒತ್ತಡ ಇಲ್ಲ, ಹಿಡಿತವೂ ಇಲ್ಲ. ಗಾಡಿ ಹೊರಗಡೆಗೆ ಚಿಕ್ಕ ಚಿಕ್ಕ ಹೆಜ್ಜೆ ಇಡುತ್ತೆ. ನುಣುಪಾದ ಹೈವೇಲಿ ಹಿಡಿತ ಜಾಸ್ತಿ ಅನ್ನಿಸಿದ ಅದೇ ಸೆಟ್, ಕೆಟ್ಟ ರಸ್ತೇಲಿ ಕಡಿಮೆ ಹಿಡಿಯುತ್ತೆ. 17ರ ಪರ ಇರೋರೂ ವಿರೋಧ ಇರೋರೂ ಇಬ್ಬರೂ ನಿಜ ಹೇಳ್ತಾ ಇರ್ತಾರೆ, ರಸ್ತೆ ಬೇರೆ ಅಷ್ಟೇ.

ಶಿರಾಡಿ_ಸವಾರ
ಇಷ್ಟು ಸ್ಪಷ್ಟವಾಗಿ ಯಾರೂ ಹೇಳಿರಲಿಲ್ಲ ಸರ್. ಹಾಗಾದ್ರೆ 17 ಬಿಟ್ಟೆ. 16ರ ಬಗ್ಗೆ ಹೇಳಿ. ‘ಆಫ್‌ಸೆಟ್’ ಅಂತ ಒಂದು ಇದೆಯಂತೆ, ಅಂಗಡಿಯವರು ‘ಅದೆಲ್ಲ ನಾವು ನೋಡ್ಕೋತೀವಿ’ ಅಂದ್ರು.

ಲೋವರ್‌ಆರ್ಮ್
ಹ್ಯಾಂಡ್ಲಿಂಗ್ ಕೆಡಿಸೋದರಲ್ಲಿ ಇಂಚಿಗಿಂತ ಆಫ್‌ಸೆಟ್ಟೇ ದೊಡ್ಡ ಕಳ್ಳ. ರಿಮ್ ಅಗಲದ ನಟ್ಟನಡುವೆ ಒಂದು ಗೆರೆ ಎಳೆಯಿರಿ. ಹಬ್‌ಗೆ (ಗಾಡಿಯಲ್ಲಿ ಚಕ್ರ ಸಿಕ್ಕಿಸೋ ಭಾಗ) ಕೂರೋ ಮುಖ ಆ ಗೆರೆಯಿಂದ ಎಷ್ಟು ಮಿ.ಮೀ. ಹೊರಗಿದೆ ಅನ್ನೋದೇ ಆಫ್‌ಸೆಟ್, ರಿಮ್ ಮೇಲೆ ‘ಇಟಿ’ ಅಂತ ಬರೆದಿರುತ್ತೆ. ಇಟಿ 45 ಇದ್ದ ಜಾಗಕ್ಕೆ ಇಟಿ 35ರ ರಿಮ್ ಹಾಕಿದರೆ ಚಕ್ರ 10 ಮಿ.ಮೀ. ಹೊರಗೆ ಬರುತ್ತೆ. ಜನಕ್ಕೆ ಅದು ಇಷ್ಟ, ಗಾಡಿ ಅಗಲ ಕಾಣುತ್ತೆ.

ಆದರೆ ಮುಂದಿನ ಚಕ್ರ ಸ್ಟೀರಿಂಗ್ ಜೊತೆ ತಿರುಗೋ ಅಕ್ಷ ಒಂದಿದೆಯಲ್ಲ, ಅದು ನೆಲ ಮುಟ್ಟೋ ಬಿಂದುವಿಗೂ ಟಯರ್ ನಡುವಿಗೂ ಎಷ್ಟು ದೂರ ಇರಬೇಕು ಅಂತ ಕಂಪನಿ ಅಳೆದು ಇಟ್ಟಿರುತ್ತೆ. ಚಕ್ರ ಹೊರಗೆ ಬಂದ ತಕ್ಷಣ ಆ ದೂರ ಬದಲಾಯ್ತು. ಒಂದು ಚಕ್ರ ಟಾರ್ ಮೇಲೆ, ಒಂದು ಚಕ್ರ ಅಂಚಿನ ಮಣ್ಣಿನ ಮೇಲೆ ಇದ್ದಾಗ ಬ್ರೇಕ್ ಹಿಡಿದು ನೋಡಿ, ಸ್ಟೀರಿಂಗ್ ಕೈಯಿಂದ ಎಳಕೊಂಡು ಹೋಗುತ್ತೆ. ಲಾರಿ ಓಡಿ ಹಳ್ಳ ಬಿದ್ದ ಜಾಡಿನಲ್ಲಿ ಗಾಡಿ ತಾನೇ ಆ ಜಾಡು ಹಿಡಿದು ಅಲೆಯುತ್ತೆ. ವೀಲ್ ಬೇರಿಂಗ್ ಮೇಲೂ ಭಾರ. ಆಮೇಲೆ ನನ್ನ ಹತ್ರ ಬಂದು ‘ಅಲೈನ್‌ಮೆಂಟ್ ಸರಿ ಮಾಡಿ’ ಅಂತಾರೆ. ಅಲೈನ್‌ಮೆಂಟ್ ಸರಿಯಾಗೇ ಇರುತ್ತೆ!

ರಿಮ್ ಅಗಲ ಹೆಚ್ಚಿಸಿದರೂ ಇದೇ ಕಥೆ. 5.5 ಇಂಚಿನ ರಿಮ್ ಬದಲು 6.5 ಹಾಕಿ ಆಫ್‌ಸೆಟ್ ಅದೇ ಇಟ್ಟರೆ ಒಳಗೆ 12.7, ಹೊರಗೆ 12.7 ಮಿ.ಮೀ. ಚಾಚುತ್ತೆ. ಒಳಗಡೆ ಸ್ಟ್ರಟ್ (ಸ್ಪ್ರಿಂಗ್, ಜಂಪ್ಸ್ ಒಟ್ಟಿಗಿರೋ ಕಂಬ) ಇದೆ. ಐದು ಜನ ಕೂರಿಸಿ, ಸ್ಟೀರಿಂಗ್ ಪೂರ್ತಿ ಕಟ್ ಮಾಡಿ, ಹಂಪ್ ಇಳಿಸಿ ನೋಡದೆ ದುಡ್ಡು ಕೊಡಬೇಡಿ. 205/45 ಆರ್17ಗೆ ರಿಮ್ ಕನಿಷ್ಠ 6.5 ಇಂಚು ಅಗಲ ಬೇಕೇ ಬೇಕು. 195/55 ಆರ್16 ಆದರೆ 5.5ರಿಂದ 7ರವರೆಗೆ ಕೂರುತ್ತೆ, 185/65 ಆರ್15 ಆದರೆ 5ರಿಂದ 6.5.

16 ಕೆಟ್ಟ ಆಯ್ಕೆ ಅಲ್ಲ. ಬಲೆನೊದ ಅಸಲಿ ರಿಮ್ ಸಿಕ್ಕಿದರೆ ನಾನು ಬೇಡ ಅನ್ನಲ್ಲ, ಇಟಿ ಎಷ್ಟು ಅಂತ ಓದಿ ನಿಮ್ಮದರ ಜೊತೆ ಹೋಲಿಸಿ ತಗೊಳ್ಳಿ. ಆದರೆ ನಿಮ್ಮ ದೂರು ಏನಿದೆಯೋ ಅದಕ್ಕೆ 15 ಸಾಕು ಅನ್ನೋದು ನನ್ನ ಅಭಿಪ್ರಾಯ.

ಕಾನೂನು_ಪುಸ್ತಕ
ಯಾರೂ ಈ ಮಾತು ಎತ್ತಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ತಯಾರಕರು ನಮೂದಿಸಿದ ಮೂಲ ವಿವರಗಳಿಗೆ ಹೊಂದದ ಹಾಗೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಒತ್ತಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಕಲಂನಲ್ಲಿ ಮಾಲೀಕರಿಗೆ ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು ಶಿಕ್ಷೆಗೂ ಅವಕಾಶವಿದೆ. ರಸ್ತೆಯಲ್ಲಿ ಪ್ರತಿ ಅಲಾಯ್ ಹಿಡಿಯುತ್ತಾರೆ ಎಂದಲ್ಲ. ಆದರೆ ಅಪಘಾತವಾಗಿ ವಿಮೆ ಸರ್ವೇಯರ್ ಬಂದಾಗ ಚಕ್ರ ನೋಡುತ್ತಾರೆ. ನಿಮ್ಮದೇ ಮಾದರಿಯ ಮೇಲಿನ ವೇರಿಯಂಟ್‌ಗೆ ಕಂಪನಿ ಕೊಟ್ಟ ಅಳತೆ ಹಾಕಿದ್ದರೆ ವಾದಿಸಲು ನೆಲೆಯಿರುತ್ತದೆ. ಬದಲಿಸಿದ್ದನ್ನು ವಿಮಾ ಕಂಪನಿಗೆ ಬರಹದಲ್ಲಿ ತಿಳಿಸಿ, ಉತ್ತರ ಇಟ್ಟುಕೊಳ್ಳಿ.

ಸ್ಟುಟ್‌ಗಾರ್ಟ್_ಕನ್ನಡಿಗ
ಇಲ್ಲಿ ಜರ್ಮನಿಯಲ್ಲಿ ಇದೇ ವಿಷಯ ಎಷ್ಟು ಬಿಗಿ ಅಂದ್ರೆ ನಮ್ಮವರು ನಗ್ತಾರೆ. ಗಾಡಿ ಜೊತೆ ಬರೋ ಸಿಒಸಿ (ತಯಾರಕರ ಅನುಸರಣಾ ಪ್ರಮಾಣಪತ್ರ) ಕಾಗದದಲ್ಲಿ ಯಾವ ಟಯರ್, ಯಾವ ರಿಮ್, ಯಾವ ಆಫ್‌ಸೆಟ್ ಅಂತ ಅಚ್ಚಾಗಿರುತ್ತೆ. ಅದರ ಹೊರಗಿನದು ಬೇಕಾದರೆ ರಿಮ್ ತಯಾರಕರ ಅನುಮತಿ ಪತ್ರ ಇರಬೇಕು, ಎಷ್ಟೋ ಸಲ ಟ್ಯೂಫ್‌ನಂಥ ಸಂಸ್ಥೆಯ ಎಂಜಿನಿಯರ್ ಗಾಡಿ ನೋಡಿ ಬರೆದುಕೊಡಬೇಕು. ಇಲ್ಲದಿದ್ದರೆ ಗಾಡಿಯ ಓಡಾಟದ ಪರವಾನಗಿಯೇ ಬಿದ್ದುಹೋಗುತ್ತೆ.

ನನಗೆ ಮಜಾ ಅನ್ನಿಸಿದ್ದು ಬೇರೆ. ಬೇಸಿಗೆಯಲ್ಲಿ 18 ಇಂಚು ಹಾಕಿ ಮೆರೆಯೋ ಇದೇ ಜನ ಅಕ್ಟೋಬರ್ ಬಂತು ಅಂದ್ರೆ ಕಾಗದ ತೆಗೆದು ತಮ್ಮ ಗಾಡಿಗೆ ಕೂರೋ ಅತಿ ಚಿಕ್ಕ ರಿಮ್ ಯಾವುದು ಅಂತ ಹುಡುಕ್ತಾರೆ. ಚಳಿಗಾಲಕ್ಕೆ 16 ಇಂಚಿನ ಸ್ಟೀಲ್, ಸಪೂರ ಟಯರ್, ಎತ್ತರದ ಸೈಡ್‌ವಾಲ್. ಅಗ್ಗ, ಗುಂಡಿ ತಡೆಯುತ್ತೆ, ಕೆಸರು ಹಿಮ ಸೀಳಿಕೊಂಡು ಹೋಗುತ್ತೆ. ಕುಡ್ಲದವರು ಹೇಳಿದ್ದೂ ಅದೇ ಅಲ್ವಾ.

17ಇಂಚು_ಪ್ರೇಮಿ
ಎಲ್ಲರೂ ಸೇರಿ 17ನ ಶ್ರಾದ್ಧ ಮಾಡಿದ್ರಲ್ಲ. ನಾನು ಓಡಿಸೋದು ನೈಸ್ ರಸ್ತೆ, ಏರ್‌ಪೋರ್ಟ್ ರಸ್ತೆ. ಅಲ್ಲಿ ನನ್ನ ಗಾಡಿ ಚೆನ್ನಾಗಿ ಹೋಗುತ್ತೆ, ಅದನ್ನ ಯಾರೂ ಅಲ್ಲಗಳೆಯೋಕೆ ಆಗಲ್ಲ.

ಲೋವರ್‌ಆರ್ಮ್
ಯಾರೂ ಅಲ್ಲಗಳೆದಿಲ್ಲ ಗುರು. ಒಂದು ಮಾತ್ರ ನೋಡ್ಕೊಳ್ಳಿ: ನಿಮ್ಮ 17ರ ಸೈಡ್‌ವಾಲ್ ಮೇಲೆ ಲೋಡ್ ಇಂಡೆಕ್ಸ್ 84 ಇದೆಯಾ 88 ಇದೆಯಾ? 84 ಅಂದ್ರೆ ಟಯರ್ ಒಂದಕ್ಕೆ 500 ಕೆ.ಜಿ., 88 ಅಂದ್ರೆ 560. 165/80 ಆರ್14ದೇ 85, ಅಂದರೆ 515 ಕೆ.ಜಿ. 84 ಹಾಕಿದ್ದರೆ ಕಂಪನಿ ಟಯರ್‌ಗಿಂತ ಕಡಿಮೆ ಹೊರೋ ಟಯರ್ ಹಾಕಿದ ಹಾಗಾಯ್ತು. 88ರದ್ದು ಎಕ್ಸ್‌ಎಲ್ ಅಂತ ಬರುತ್ತೆ, ಅದು ಆ ಭಾರ ಹೊರಬೇಕಾದ್ರೆ ಗಾಳಿ ಜಾಸ್ತಿ ಬೇಕು, ಬಾಗಿಲ ಕಂಬದ ಸ್ಟಿಕ್ಕರ್ ನೋಡಿ ಹಾಕಿದರೆ ಸಾಲದು.

17ಇಂಚು_ಪ್ರೇಮಿ
88 ಎಕ್ಸ್‌ಎಲ್. ಬದುಕಿಕೊಂಡೆ.

ಶಿರಾಡಿ_ಸವಾರ
ತೀರ್ಮಾನ ಮಾಡಿದೆ: 15 ಇಂಚು, 185/65, ಜೆಡ್‌ಎಕ್ಸ್‌ಐನ ಅಸಲಿ ಅಲಾಯ್. ಹೊಸ ಗಾಡಿ ತಗೊಂಡು ತಕ್ಷಣ ದೊಡ್ಡ ರಿಮ್ ಹಾಕಿಸೋರು ಬಿಚ್ಚಿಟ್ಟ ಸೆಟ್ ಜೆ.ಸಿ. ರಸ್ತೆ ಕಡೆ ಸಿಗುತ್ತಂತೆ. ಟಯರ್ ಮಾತ್ರ ಹೊಸದು, ಮಳೆಗೆ ಒಳ್ಳೇದಿರೋದು. ಮೂರು ಪ್ರಶ್ನೆ ಉಳಿದಿದೆ. ಸ್ಟೆಪ್ನಿ 14 ಇಂಚಿನ ಸ್ಟೀಲೇ ಇರಲಿ ಅಂತ ಬಿಡಬಹುದಾ? ಹಬ್ ರಿಂಗ್ (ರಿಮ್ಮಿನ ನಡುವಿನ ತೂತಿಗೂ ಹಬ್‌ಗೂ ನಡುವೆ ಕೂರೋ ಬಳೆ) ಬೇಕಾ? ಹಳೇ ನಟ್ ನಡೆಯುತ್ತಾ?

ಹುಬ್ಬಳ್ಳಿ_ಡೀಸೆಲ್
ಸ್ಟೆಪ್ನಿ ಬಿಡ್ರಿ, ಏನೂ ಆಗಂಗಿಲ್ಲ. ವ್ಯಾಸದಾಗ ಎರಡ ಮಿ.ಮೀ. ಫರಕ. ಈಗಿರೋ ನಾಲ್ಕರಾಗ ಚೊಲೋ ಟಯರ್ ಒಂದ ಆರಿಸಿ ಸ್ಟೆಪ್ನಿಗೆ ಇಟ್ಕೋರಿ. ಪಂಕ್ಚರ್ ಆದ್ರ ಸಾವಕಾಶ ಓಡಿಸಿ, ಅಂಗಡಿ ಸಿಕ್ಕ ಕೂಡ್ಲೇ ವಾಪಸ್ ಬದಲಿ ಮಾಡ್ರಿ. ಅಗಲ ಬ್ಯಾರೆ, ರಬ್ಬರ್ ಬ್ಯಾರೆ ಇರ್ತದ, ಮಳ್ಯಾಗ ಘಟ್ಟ ಇಳಿಯೋ ಮುಂದ ಒಂದ ಚಕ್ರದ ಹಿಡಿತ ಬ್ಯಾರೆ ಇರೋದು ಚೊಲೋ ಅಲ್ಲ.

ಲೋವರ್‌ಆರ್ಮ್
ಅಸಲಿ ರಿಮ್ ಆದರೆ ಹಬ್ ರಿಂಗ್ ಬೇಡ. ನಿಮ್ಮ ಗಾಡಿಯ ಬೋಲ್ಟ್ ಜೋಡಣೆ 4×100, ನಡುವಿನ ತೂತು 54.1 ಮಿ.ಮೀ., ಸರಿಯಾಗಿ ಕೂರುತ್ತೆ. ಹೊರಗಿನ ಅಲಾಯ್‌ನಲ್ಲಿ ಎಲ್ಲ ಗಾಡಿಗೂ ಆಗಲಿ ಅಂತ ಆ ತೂತು ದೊಡ್ಡದಾಗಿ ಇಟ್ಟಿರ್ತಾರೆ. ರಿಂಗ್ ಇಲ್ಲದೆ ಹಾಕಿದರೆ ಚಕ್ರ ಕೂದಲೆಳೆಯಷ್ಟು ಪಕ್ಕಕ್ಕೆ ಕೂತು 80–90ರಲ್ಲಿ ಸ್ಟೀರಿಂಗ್ ನಡುಗುತ್ತೆ, ಎಷ್ಟು ಬ್ಯಾಲೆನ್ಸಿಂಗ್ ಮಾಡಿದರೂ ಹೋಗಲ್ಲ. ಹಳೇ ಸೆಟ್ ತಗೋವಾಗ ಟಯರ್ ಇಲ್ಲದ ಬರಿ ರಿಮ್ಮನ್ನೇ ಬ್ಯಾಲೆನ್ಸಿಂಗ್ ಮೆಷಿನ್‌ಗೆ ಹಾಕಿ ತಿರುಗಿಸಿ ತೋರಿಸಿ ಅಂತ ಹೇಳಿ, ಒಳಗಡೆ ಅಂಚು ಅಲೆಯುತ್ತಾ ನೋಡಿ. ಗುಂಡಿ ಏಟು ಕಾಣೋದು ಒಳಗಿನ ಅಂಚಲ್ಲೇ, ಮುಂದಿನ ಮುಖ ಫಳಫಳ ಅಂತಾನೇ ಇರುತ್ತೆ.

ನಟ್ ಸುಜುಕಿಯದು 12 ಮಿ.ಮೀ., 1.25 ಪಿಚ್ (ಮರೆಗಳ ನಡುವಿನ ಅಂತರ, ಮಿ.ಮೀ.ನಲ್ಲಿ). ನಿಮ್ಮ ಗಾಡಿಯದೇ ಅಸಲಿ ನಟ್ ಹಾಕಿಸಿ. ಟೊಯೊಟಾ, ಹ್ಯುಂಡೈದು 1.5 ಪಿಚ್, ನೋಡೋಕೆ ಒಂದೇ ಥರ. ಅವಸರದಲ್ಲಿ ಅದನ್ನ ಗನ್ ಇಟ್ಟು ಹತ್ತಿಸಿ ಸ್ಟಡ್ ಹಾಳು ಮಾಡಿದ್ದು ಬೇಕಾದಷ್ಟಿದೆ. ಟೊಯೊಟಾ ಗ್ಲಾಂಜಾದ್ದು ಮಾತ್ರ ಬೇರೆ ಮಾತು, ಅದು ಬಲೆನೊನೇ. ಮೊದಲ ಐದಾರು ಸುತ್ತು ಕೈಯಲ್ಲೇ ಸಲೀಸಾಗಿ ಹೋಗಬೇಕು, ಕೊನೆಯ ಬಿಗಿ ಟಾರ್ಕ್ ವ್ರೆಂಚ್‌ನಲ್ಲಿ, ಮ್ಯಾನ್ಯುಯಲ್‌ನಲ್ಲಿ ಬರೆದಷ್ಟೇ. ಪುತ್ತೂರಿಗೆ ಒಂದು ಸಲ ಹೋಗಿ ಬಂದ ಮೇಲೆ ಚಕ್ರ ತಣ್ಣಗಾದಾಗ ಇನ್ನೊಮ್ಮೆ ಬಿಗಿ ನೋಡಿಸಿ.

ಶಿರಾಡಿ_ಸವಾರ
ಆಗಲಿ ಸರ್. ಗಾಳಿ ಎಷ್ಟು ಇಡಲಿ?

ಲೋವರ್‌ಆರ್ಮ್
ಜೆಡ್‌ಎಕ್ಸ್‌ಐಗೆ ಕಂಪನಿ ಹೇಳಿರೋದನ್ನೇ ಇಡಿ, ಬೆಳಿಗ್ಗೆ ಟಯರ್ ತಣ್ಣಗಿರುವಾಗ ಅಳೆದು. ಘಾಟಿ ಇಳಿದು ಬಂದ ಬಿಸಿಯಲ್ಲಿ ಅಳೆದು ಜಾಸ್ತಿ ಇದೆ ಅಂತ ಬಿಡಿಸೋಕೆ ಹೋಗಬೇಡಿ.